ಹಳೆ ಪದ್ಮಿನಿಯ ಪೆಟ್ರೋಲ್ ಟ್ಯಾಂಕಿಗೆ ತುಕ್ಕು ಹಿಡಿದರೆ

ಮನೆಯಿಂದ ಹೊರಟ ಗಾಡಿ ಮೂರು ಕಿಲೋಮೀಟರ್ ಚೆನ್ನಾಗಿಯೇ ಓಡುತ್ತದೆ. ಏರು ಬಂದಾಗ ಒಮ್ಮೆ ಕೆಮ್ಮುತ್ತದೆ, ಜಗ್ಗುತ್ತದೆ, ನಿಂತೇ ಬಿಡುತ್ತದೆ. ಬಾನೆಟ್ ಎತ್ತಿ, ಏನು ನೋಡಬೇಕೆಂದು ತಿಳಿಯದೆ ಹತ್ತು ನಿಮಿಷ ನಿಂತು, ಮತ್ತೆ ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ನನ್ನ ಪ್ರೀಮಿಯರ್ ಪದ್ಮಿನಿ ಒಂದು ಮಳೆಗಾಲ ಪೂರ್ತಿ ಹೀಗೆ ಆಟ ಆಡಿಸಿತು. ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಬದಲಾಯಿಸಿದೆ, ಕಂಡೆನ್ಸರ್ ಬದಲಾಯಿಸಿದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಎರಡು ಸಲ ಬಿಚ್ಚಿಸಿದೆ. ಹಾವು ಇದ್ದದ್ದು ಗಾಡಿಯ ಇನ್ನೊಂದು ತುದಿಯಲ್ಲಿ, ನಾನು ಬಡಿಯುತ್ತಿದ್ದ ಹುತ್ತವೇ ಬೇರೆ. ಟ್ಯಾಂಕಿನೊಳಗಿನ ತುಕ್ಕಿನ ಪುಡಿ, ಪೆಟ್ರೋಲ್ ಹೀರುವ ಕೊಳವೆಯ ಬಾಯಿಗಿದ್ದ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಎಂಜಿನ್ ನಿಂತಾಗ ಪಂಪಿನ ಸೆಳೆತ ತಪ್ಪಿ ಪುಡಿ ಕೆಳಗೆ ಉದುರುತ್ತಿತ್ತು. ಹತ್ತು ನಿಮಿಷದ ಪವಾಡದ ಗುಟ್ಟು ಇಷ್ಟೇ.

ಪದ್ಮಿನಿಗೆ ಹೇಳಿದ್ದು ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಬೀಟಲ್ ಹೀಗೆ ತಗಡಿನ ಟ್ಯಾಂಕ್ ಮತ್ತು ಕಾರ್ಬುರೇಟರ್ ಇರುವ ಎಲ್ಲ ಹಳೆ ಗಾಡಿಗಳಿಗೂ ಸಲ್ಲುತ್ತದೆ. ಟ್ಯಾಂಕ್ ಕೂತಿರುವ ಜಾಗ ಮಾತ್ರ ಬೇರೆ ಬೇರೆ. ಬೀಟಲ್‌ನಲ್ಲಂತೂ ಅದು ಮುಂದಿನ ಬಾನೆಟ್ಟಿನ ಕೆಳಗಿದೆ.

ಮೊದಲು, ತಪ್ಪು ಟ್ಯಾಂಕಿನದ್ದೇ ಹೌದೇ?

ಟ್ಯಾಂಕ್ ಇಳಿಸುವುದು ಅರ್ಧ ದಿನದ ಕೆಲಸ. ಅದಕ್ಕೆ ಮುನ್ನ ಸುಲಭದ ಮೂರು ಪರೀಕ್ಷೆ ಮಾಡಿ.

ಗಾಡಿ ನಿಂತ ಕೂಡಲೇ ಪೆಟ್ರೋಲ್ ಮುಚ್ಚಳ ತಿರುಗಿಸಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರುಗಂಡಿ ಕಟ್ಟಿದೆ ಎಂದರ್ಥ. ಪೆಟ್ರೋಲ್ ಖರ್ಚಾದಷ್ಟೂ ಒಳಗೆ ನಿರ್ವಾತ ಏರ್ಪಟ್ಟು ಪಂಪಿಗೆ ಎಳೆಯಲಾಗುವುದಿಲ್ಲ. ಲಕ್ಷಣ ತುಕ್ಕಿನದ್ದೇ, ಪರಿಹಾರ ಮಾತ್ರ ಒಂದು ಸೂಜಿ. ಮುಚ್ಚಳ ಸರಿಯಿದ್ದರೆ, ಪಂಪಿಗೆ ಮುಂಚಿನ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಲೆಕೆಳಗಾಗಿ ಕೊಡವಿ. ಇಟ್ಟಿಗೆ ಬಣ್ಣದ ಪುಡಿ ಬಿದ್ದು, ಬಟ್ಟೆಯ ಕೆಳಗೆ ಅಯಸ್ಕಾಂತ ಆಡಿಸಿದಾಗ ಅದರ ಕೆಲವು ಕಣಗಳಾದರೂ ಓಡಾಡಿದರೆ ಬೇರೆ ಸಾಕ್ಷಿ ಬೇಕಿಲ್ಲ. ಮೂರನೆಯದು, ಟ್ಯಾಂಕಿನ ತಳದಿಂದ ಅರ್ಧ ಲೀಟರ್ ಪೆಟ್ರೋಲನ್ನು ಗಾಜಿನ ಜಾಡಿಗೆ ತೆಗೆದು ಮುಚ್ಚಿ, ಮನೆಯ ಹೊರಗೆ ನೆರಳಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅಡಿಯಲ್ಲಿ ಬೇರೆಯೇ ಒಂದು ಪದರ ಕಂಡರೆ ಟ್ಯಾಂಕಿನಲ್ಲಿ ನೀರಿದೆ.

ಡಿಕ್ಕಿ ತೆಗೆದಾಗ ಪೆಟ್ರೋಲ್ ವಾಸನೆ, ಟ್ಯಾಂಕಿನ ಎರಡು ತಗಡು ಸೇರುವ ಅಂಚಿನಲ್ಲಿ ಒದ್ದೆ ಕಲೆ, ಎಷ್ಟು ಪೆಟ್ರೋಲ್ ತುಂಬಿದರೂ ಅಲುಗದ ಗೇಜಿನ ಮುಳ್ಳು, ಇವೂ ಅದೇ ಕಾಯಿಲೆಯ ಗುರುತುಗಳೇ. ಸೋರಿಕೆ ಕಂಡಿದ್ದರೆ ಆ ಗಾಡಿಯನ್ನು ಇನ್ನು ಓಡಿಸಬೇಡಿ. ಬಾರ್ ಸೋಪನ್ನು ಸೋರುವ ಜಾಗಕ್ಕೆ ಗಟ್ಟಿಯಾಗಿ ಉಜ್ಜಿದರೆ ಸೋರಿಕೆ ನಿಲ್ಲುತ್ತದೆ ಎಂಬುದು ಲಾರಿ ಡ್ರೈವರುಗಳ ಹಳೆಯ ಉಪಾಯ. ಪೆಟ್ರೋಲಿನಲ್ಲಿ ಸೋಪು ಕರಗದ ಕಾರಣ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಮನೆ ತಲುಪುವವರೆಗೆ ಮಾತ್ರ.

ತುಕ್ಕು ಎಲ್ಲಿಂದ ಬಂತು

ಆ ಕಾಲದ ಟ್ಯಾಂಕುಗಳ ಉಕ್ಕಿನ ತಗಡಿಗೆ ಸಾಮಾನ್ಯವಾಗಿ ಸೀಸ-ತವರದ ತೆಳು ಲೇಪ ಇರುತ್ತಿತ್ತು. ನಲವತ್ತು ವರ್ಷದಲ್ಲಿ ಆ ಲೇಪ ಅಲ್ಲಲ್ಲಿ ಸವೆಯುತ್ತದೆ. ಅರ್ಧ ಖಾಲಿಯಿರುವ ಟ್ಯಾಂಕ್ ದಿನಾ ಉಸಿರಾಡುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹೊರಹೋಗುತ್ತದೆ, ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಬಂದು ತಗಡಿನ ಮೇಲೆ ಹನಿಯಾಗುತ್ತದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ಗತಿ ಹೇಳುವುದೇ ಬೇಡ. ಹಾಗಾಗಿ ತುಕ್ಕು ಎರಡು ಕಡೆ ಜೋರಾಗಿರುತ್ತದೆ: ಪೆಟ್ರೋಲ್ ತಾಗದ ಚಾವಣಿಯಲ್ಲಿ, ನೀರು ಕೂರುವ ತಳದ ಮೂಲೆಗಳಲ್ಲಿ.

ಈಗ ಎಥೆನಾಲ್ ಕೂಡ ಸೇರಿಕೊಂಡಿದೆ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ದಿನಾ ಓಡುವ ಗಾಡಿಯಲ್ಲಿ ಇದು ತೊಂದರೆಯಲ್ಲ, ಬಂದ ತೇವ ಪೆಟ್ರೋಲಿನ ಜೊತೆ ಉರಿದು ಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರಿನ ಪ್ರಮಾಣ ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಬೆಳಗಿನ ಜಾಡಿಯಲ್ಲಿ ಕಂಡ ಪದರ ಅದೇ. ಜೊತೆಗೆ ಟ್ಯಾಂಕಿನ ಗೋಡೆಗೆ ದಶಕಗಳಿಂದ ಗೋಂದಿನಂತೆ ಅಂಟಿದ್ದ ಹಳೆ ಪೆಟ್ರೋಲಿನ ಪಾಚಿಯನ್ನು ಎಥೆನಾಲ್ ಕರಗಿಸುತ್ತದೆ. ಅದರಡಿ ಸುಮ್ಮನಿದ್ದ ತುಕ್ಕೆಲ್ಲ ಒಮ್ಮೆಗೇ ಸಡಿಲವಾಗುತ್ತದೆ.

ಖಾಲಿ ಟ್ಯಾಂಕಿಗೆ ಹೆದರಿ

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯಕಾರಿ. ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರೂ ಇದನ್ನು ಮರೆಯುತ್ತಾರೆ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಗಾಳಿಯಲ್ಲಿ ಆ ಆವಿ ಸುಮಾರು 1.4ರಿಂದ 7.6 ಪ್ರತಿಶತ ಇದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ. ಖಾಲಿ ಮಾಡಿಟ್ಟದ್ದರಲ್ಲಿ ಆವಿಯೂ ಇದೆ, ಗಾಳಿಯೂ ಇದೆ. ತಳದ ಸಂದಿಯಲ್ಲಿ, ತುಕ್ಕಿನ ಪದರದಡಿಯಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲ್ ದಿನಗಟ್ಟಲೆ ಆವಿ ಬಿಡುತ್ತಲೇ ಇರುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ನೆಲದಲ್ಲಿ ಹರಿದು ಗುಂಡಿಯಲ್ಲಿ, ಚರಂಡಿಯಲ್ಲಿ ಕೂರುತ್ತದೆ.

ಆದ್ದರಿಂದ ಈ ಕೆಲಸ ಬಯಲಲ್ಲೇ ಆಗಬೇಕು. ಸರ್ವಿಸ್ ಗುಂಡಿಯ ಮೇಲೆ ಗಾಡಿ ನಿಲ್ಲಿಸಬೇಡಿ. ಬ್ಯಾಟರಿಯ ಅರ್ಥ್ ತಂತಿಯನ್ನು ಮೊದಲೇ ಬಿಚ್ಚಿ. ಬೀಡಿ-ಸಿಗರೇಟು ಬಿಡಿ, ಸೊಳ್ಳೆಬತ್ತಿಯನ್ನೂ ದೂರವಿಡಿ. ಪಕ್ಕದ ಮನೆಯ ಬಚ್ಚಲೊಲೆ ಉರಿಯುತ್ತಿದೆಯೇ ಎಂದೂ ನೋಡಿಕೊಳ್ಳಿ. ಪುಡಿಯ ಅಗ್ನಿಶಾಮಕ ಒಂದು ಕೈಗೆಟಕುವಂತಿರಲಿ. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಪೆಟ್ರೋಲ್ ತೆಗೆಯಲು ಪೈಪನ್ನು ಬಾಯಲ್ಲಿ ಹೀರುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಆಸ್ಪತ್ರೆ ಸೇರುವ ನ್ಯುಮೋನಿಯಾ ಆದೀತು. ಕೈಯಲ್ಲಿ ಅದುಮುವ ಸೈಫನ್ ಪಂಪ್ ಅಗ್ಗಕ್ಕೇ ಸಿಗುತ್ತದೆ. ತೆಗೆದ ಪೆಟ್ರೋಲನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಬಿಡಬೇಡಿ, ಸ್ಥಿರ ವಿದ್ಯುತ್ತಿನ ಕಿಡಿ ಹುಟ್ಟಬಹುದು. ಲೋಹದ ಕ್ಯಾನನ್ನು ನೆಲದ ಮೇಲಿಟ್ಟು ತುಂಬಿ. ಹುಳಿ ವಾಸನೆ ಬರುವ ಹಳೆ ಪೆಟ್ರೋಲನ್ನು ಮತ್ತೆ ಗಾಡಿಗೆ ಹಾಕಬೇಡಿ, ಚರಂಡಿಗೆ ಚೆಲ್ಲಲೂಬೇಡಿ.

ಇಳಿಸುವುದು

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಗಾಡಿಯ ಕೆಳಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ತೆಗೆಯುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದುಕೊಂಡು ಮೊಬೈಲನ್ನು ಮನೆಯೊಳಗೆ ಇಟ್ಟು ಬನ್ನಿ. ಗೇಜಿನ ತಂತಿ, ಪಂಪಿಗೆ ಹೋಗುವ ಪೈಪ್, ಪೆಟ್ರೋಲ್ ತುಂಬುವ ಕೊರಳಿನ ರಬ್ಬರ್ ಹೋಸ್, ಉಸಿರು ಪೈಪ್ ಇದ್ದರೆ ಅದು, ಕೊನೆಗೆ ಪಟ್ಟಿ ಅಥವಾ ಬೋಲ್ಟು, ಇದು ಕ್ರಮ. ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಇರುವ ಗೇಜಿನ ಘಟಕ ಉಂಗುರದಿಂದ ಬಿಗಿದಿದ್ದರೆ ಉಕ್ಕಿನ ಉಳಿಯಲ್ಲಿ ಹೊಡೆಯಬೇಡಿ. ಹಿತ್ತಾಳೆಯ ತುಂಡು ಮತ್ತು ಮರದ ಸುತ್ತಿಗೆ ಕಿಡಿ ಹಾರಿಸುವುದಿಲ್ಲ.

ಉಳಿಸಬೇಕೋ, ಬಿಡಬೇಕೋ

ಇಡೀ ಕೆಲಸದಲ್ಲಿ ಯೋಚಿಸಿ ಮಾಡಬೇಕಾದ ತೀರ್ಮಾನ ಇದೊಂದೇ. ಒಳಗೆ ಎಷ್ಟು ಕೆಂಪಗಿದೆ ಎನ್ನುವುದನ್ನು ನೋಡಿ ತೀರ್ಮಾನಿಸಬೇಡಿ, ಎಷ್ಟು ತಗಡು ಉಳಿದಿದೆ ಎನ್ನುವುದನ್ನು ನೋಡಿ. ಹೊರಮೈಯ ಮಣ್ಣು, ಡಾಂಬರು, ಬಣ್ಣ ಕೆರೆದು ತಳವನ್ನೂ ಅಂಚನ್ನೂ ಹೆಬ್ಬೆರಳಿನಿಂದ ಅದುಮುತ್ತ ಬನ್ನಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಕಣಕಣ ಎನ್ನುತ್ತದೆ. ತಿಂದುಹೋದದ್ದು ಒದ್ದೆ ರಟ್ಟಿನಂತೆ ಮೆತ್ತಗೆ ತಗ್ಗುತ್ತದೆ.

ಸೂಜಿ ತೂತು ಒಂದೋ ಎರಡೋ ಇದ್ದು ಸುತ್ತಲಿನ ತಗಡು ಗಟ್ಟಿಯಾಗಿದ್ದರೆ ಉಳಿಸಿ. ತಳದಲ್ಲಿ ಜರಡಿಯ ಹಾಗೆ ತೂತುಗಳಿದ್ದರೆ, ಅಂಚಿನುದ್ದಕ್ಕೂ ಪದರ ಪದರವಾಗಿ ಏಳುತ್ತಿದ್ದರೆ ಬಿಡಿ. ಕಂಡ ಒಂದು ತೂತಿನ ಸುತ್ತ ಕಾಣದ ಹತ್ತು ಕಾದಿರುತ್ತವೆ. ಒಳಗಿನ ಅಡ್ಡತಗಡುಗಳು ಬಿಟ್ಟುಕೊಂಡಿವೆಯೇ ಎಂದು ಅಲುಗಿಸಿ ಕೇಳಿ. ಅವು ಪೆಟ್ರೋಲ್ ತುಳುಕಾಟ ತಡೆಯಲು ಇರುವ ತಗಡುಗಳು, ಹೊರಗಿನಿಂದ ಅವನ್ನು ಬೆಸೆಯಲಾಗದು.

ನಿಂಬೆ ಉಪ್ಪಿನ ಸ್ನಾನ

ಮೊದಲು ಜಿಡ್ಡು ಹೋಗಬೇಕು. ಬಟ್ಟೆ ಒಗೆಯುವ ಪುಡಿ ಕರಗಿಸಿದ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ. ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ನಾಲ್ಕೈದು ಸಲವಾದರೂ ಮಾಡಿ. ಜಿಡ್ಡಿನ ಮೇಲೆ ಆಮ್ಲ ಕೆಲಸ ಮಾಡುವುದಿಲ್ಲ. ತೊಳೆದ ಮೊದಲ ನೀರಿನಲ್ಲಿ ಪೆಟ್ರೋಲ್ ಇರುತ್ತದೆ, ಅದನ್ನೂ ಮೋರಿಗೆ ಬಿಡದೆ ಬೇರೆ ಹಿಡಿದಿಡಿ.

ಆಮೇಲೆ ಸಡಿಲ ತುಕ್ಕು. ನಟ್ಟು-ಬೋಲ್ಟು ಹಾಕಿ ಕುಲುಕುವವರಿದ್ದಾರೆ, ಜಲ್ಲಿ ಹಾಕುವವರೂ ಇದ್ದಾರೆ. ನಾನು ಜಲ್ಲಿ ಹಾಕಿ, ಅಡ್ಡತಗಡಿನ ಸಂದಿಗೆ ಸಿಕ್ಕ ಕೊನೆಯ ನಾಲ್ಕು ಕಲ್ಲು ತೆಗೆಯಲು ಒಂದು ಭಾನುವಾರ ಕಳೆದವನು. ಐದಾರು ಮೀಟರ್ ತೆಳು ಸರಪಳಿ ಎಲ್ಲಕ್ಕಿಂತ ಒಳ್ಳೆಯದು. ಒಂದು ತುದಿಯನ್ನು ಹೊರಗೆ ತಂತಿಯಲ್ಲಿ ಕಟ್ಟಿಕೊಂಡು ಉಳಿದದ್ದನ್ನು ಒಳಗೆ ಬಿಟ್ಟು, ಸ್ವಲ್ಪ ನೀರು ಹಾಕಿ ಎಲ್ಲ ದಿಕ್ಕಿಗೂ ಅಲುಗಿಸಿ. ಮುಗಿದಾಗ ಎಳೆದರೆ ಇಡಿಯಾಗಿ ಬರುತ್ತದೆ. ತೋಳು ಸೋತರೆ ಟ್ಯಾಂಕಿಗೆ ಹಳೆ ಕಂಬಳಿ ಸುತ್ತಿ ಕಾಂಕ್ರೀಟ್ ಮಿಕ್ಸರಿನೊಳಗೆ ಕಟ್ಟಿ ತಿರುಗಿಸುವುದೂ ಉಂಟು. ಮನೆ ಕಟ್ಟಿಸುತ್ತಿರುವ ಗೆಳೆಯರಿದ್ದರೆ ಈಗಲೇ ಮಾತಾಡಿಸಿ.

ಉಳಿದ ಬಿಗಿ ತುಕ್ಕಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಲೀಟರ್ ನೀರಿಗೆ 50ರಿಂದ 100 ಗ್ರಾಂ. ನಲವತ್ತು ಲೀಟರಿನ ಟ್ಯಾಂಕಿಗೆ ಮೂರು ಕಿಲೋ ಸಾಕು. ಅಷ್ಟು ಬೇಕೆಂದರೆ ಕಿರಾಣಿಗಿಂತ ಬೇಕರಿ ಸಾಮಾನಿನ ಸಗಟು ಅಂಗಡಿಯೇ ವಾಸಿ. ಬಕೆಟ್ಟಿನಲ್ಲಿ ಬಿಸಿನೀರಿಗೆ ಕರಗಿಸಿ, ಗೇಜಿನ ಘಟಕ ತೆಗೆದು ಆ ಬಾಯಿಯನ್ನು ರಬ್ಬರ್ ಮತ್ತು ತಗಡಿನ ಬಿಲ್ಲೆಯಿಂದ ಬಿಗಿದು, ಕೊರಳಿನವರೆಗೆ ತುಂಬಿ. ಅರ್ಧ ತುಂಬಿದರೆ ಚಾವಣಿಯ ತುಕ್ಕು ಹಾಗೇ ಉಳಿಯುತ್ತದೆ. ತುಂಬುವ ಬಾಯನ್ನು ಬಿಗಿಯಾಗಿ ಮುಚ್ಚಬೇಡಿ. ಆಮ್ಲ ಕಬ್ಬಿಣಕ್ಕೆ ತಾಗಿದಾಗ ಹೈಡ್ರೋಜನ್ ಹೊರಡುತ್ತದೆ, ಅದೂ ಉರಿಯುವ ಅನಿಲವೇ. 12 ಗಂಟೆಗೊಮ್ಮೆ ನೋಡಿ. ಸಾಮಾನ್ಯವಾಗಿ ಒಂದು ದಿನ, ಹಟಮಾರಿ ತುಕ್ಕಿಗೆ ಎರಡು ದಿನ. ತಗಡು ಬೂದು ಬಣ್ಣಕ್ಕೆ ತಿರುಗಿದರೆ ಕೆಲಸ ಮುಗಿದಂತೆ. ಅಲ್ಲಿಯವರೆಗೆ ಸೋರದಿದ್ದ ಕಡೆ ಈಗ ಹನಿ ಜಿನುಗಿದರೆ ಗಾಬರಿಯಾಗಬೇಡಿ. ಆಮ್ಲ ತೂತು ಮಾಡಿದ್ದಲ್ಲ, ತೂತಿಗೆ ಬಿರಡೆಯಾಗಿದ್ದ ತುಕ್ಕನ್ನು ತೆಗೆಯಿತು. ಅಲ್ಲಿ ಮಾರ್ಕರಿನಲ್ಲಿ ಗುರುತು ಹಾಕಿಕೊಳ್ಳಿ.

ಬೇಗ ಆಗಲೆಂದು ಕಕ್ಕಸು ತೊಳೆಯುವ ಆಸಿಡ್ ಸುರಿಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ಸಂದಿಯಲ್ಲಿ ಉಳಿದ ಒಂದಿಷ್ಟು ಅಂಶ ತಿಂಗಳೊಳಗೆ ಹೊಸ ತುಕ್ಕು ತರುತ್ತದೆ.

ಬಳಸಿದ ದ್ರಾವಣದಲ್ಲಿ ಹಳೆ ಲೇಪದ ಸೀಸವೂ ಕರಗಿರುತ್ತದೆ. ನಿಂಬೆ ತಾನೇ ಎಂದು ತೆಂಗಿನ ಬುಡಕ್ಕೋ ಬಾವಿಯ ಹತ್ತಿರವೋ ಚೆಲ್ಲಬೇಡಿ.

ಇನ್ನು ಮುಂದಿನ ಅರ್ಧ ಗಂಟೆ ಫೋನ್ ಬಂದರೂ ಎತ್ತಬೇಡಿ. ಆಮ್ಲದಿಂದ ಹೊರಬಂದ ಬೆತ್ತಲೆ ತಗಡು ಒದ್ದೆಯಾಗಿದ್ದರೆ ನಿಮಿಷಗಳಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ದ್ರಾವಣ ಚೆಲ್ಲಿದ ಕೂಡಲೇ ಅಡುಗೆ ಸೋಡಾ ಕರಗಿಸಿದ ನೀರು ಹಾಕಿ ಕುಲುಕಿ, ನೊರೆ ಬರುವುದು ನಿಂತ ಮೇಲೆ ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ, ಬಗ್ಗಿಸಿ ಬಸಿಯಿರಿ. ನಂತರ ಬ್ಲೋವರಿನ ಬಿಸಿಗಾಳಿ ಎಲ್ಲ ಮೂಲೆಗೂ ಹೋಗುವಂತೆ ಬಿಡಿ. ಪೆಟ್ರೋಲ್ ವಾಸನೆ ಲವಲೇಶವೂ ಇಲ್ಲದಿದ್ದರೆ ಮಾತ್ರ ಬ್ಲೋವರ್ ಮುಟ್ಟಿ. ಏಪ್ರಿಲ್ ಬಿಸಿಲಿದ್ದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ತೂತು ಮುಚ್ಚುವುದು

ಒಣಗಿದ ಟ್ಯಾಂಕಿನ ಹೊರಮೈಗೆ ಸುಣ್ಣದ ಕಡ್ಡಿ ಉಜ್ಜಿ ಒಳಗೆ ಒಂದೆರಡು ಲೀಟರ್ ಡೀಸೆಲ್ ಹಾಕಿ, ಬೇರೆ ಬೇರೆ ಮಗ್ಗುಲಿಗೆ ತಿರುಗಿಸಿ ಇಡಿ. ಜಿನುಗುವ ಕಡೆ ಸುಣ್ಣ ಒದ್ದೆಯಾಗಿ ಕಪ್ಪಾಗುತ್ತದೆ. ಸೀಮೆಎಣ್ಣೆ ಇನ್ನೂ ಚೆನ್ನಾಗಿ ಜಿನುಗುತ್ತದೆ, ಸಿಕ್ಕರೆ. ಗಾಳಿ ತುಂಬಿ ಸೋಪಿನ ನೀರು ಹಚ್ಚುವುದಾದರೆ ಸೈಕಲ್ ಪಂಪಿನಲ್ಲಿ ಒಂದು ಪಿಎಸ್‌ಐನಷ್ಟು ಒತ್ತಡ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಜೋಡಿಸಿದರೆ ಟ್ಯಾಂಕ್ ಬೋಂಡಾದಂತೆ ಉಬ್ಬುತ್ತದೆ.

ಸೂಜಿ ತೂತಿಗೆ, ಅಂಚಿನ ಸಣ್ಣ ಬಿರುಕಿಗೆ ಸೀಸ-ತವರದ ಬೆಸುಗೆಯೇ ಸರಿ. ಇದಕ್ಕೆ ಕಾರಿನ ಗ್ಯಾರೇಜಿಗಿಂತ ರೇಡಿಯೇಟರ್ ರಿಪೇರಿ ಮಾಡುವವರ ಬಳಿ ಹೋಗಿ. ಅವರ ಕೈ ಪಳಗಿರುತ್ತದೆ. ತೂತಿನ ಸುತ್ತ ಎರಡು ಬೆರಳಗಲ ತಗಡು ಹೊಳೆಯುವವರೆಗೆ ಕೆರೆದು, ಜಿಂಕ್ ಕ್ಲೋರೈಡ್ ದ್ರಾವಣ ಸವರಿ, ದೂರದಲ್ಲಿ ಕಾಯಿಸಿ ತಂದ ತಾಮ್ರದ ದಪ್ಪ ಬೆಸುಗೆ ಕೋಲಿನಿಂದ (ಸೋಲ್ಡರಿಂಗ್ ಐರನ್) ಮೊದಲು ಕಲಾಯಿ, ಆಮೇಲೆ ಬೆಸುಗೆ. ಕಡಲೆಕಾಳಿಗಿಂತ ದೊಡ್ಡ ತೂತಾದರೆ ತಗಡಿನ ತೇಪೆ ಇಟ್ಟು ಸುತ್ತ ಬೆಸೆಯಬೇಕು. ಉಳಿದ ದ್ರಾವಣವನ್ನು ಸೋಡಾ ನೀರಿನಲ್ಲಿ ತೊಳೆಯದಿದ್ದರೆ ಅದೇ ತುಕ್ಕಿಗೆ ಬೀಜ.

ಗ್ಯಾಸ್ ವೆಲ್ಡಿಂಗ್ ಬೇಕಾಗುವಷ್ಟು ಹಾಳಾಗಿದ್ದರೆ ತಾವೇ ಮಾಡಲು ಹೋಗಬೇಡಿ. ಮಾಡಿಸುವುದಾದರೆ, ಬೆಸೆಯುವ ಜಾಗದ ಹತ್ತಿರದವರೆಗೂ ನೀರು ತುಂಬಿಯೇ ಮಾಡುವ, ತೊಳೆದದ್ದನ್ನು ತಾನೇ ಇನ್ನೊಮ್ಮೆ ತೊಳೆಯುವ ಕೆಲಸಗಾರನನ್ನು ಹುಡುಕಿ. ನಾನು ತೊಳೆದು ಒಯ್ದ ಟ್ಯಾಂಕನ್ನು ಮೂಸಿ ನೋಡಿ, "ಇನ್ನೂ ಎರಡು ಸಲ ತೊಳ್ಕೊಂಡು ಬನ್ನಿ ಸಾರ್" ಎಂದು ಹಿಂದೆ ಕಳಿಸಿದವರ ಬಳಿಯೇ ನಾನು ಮತ್ತೆ ಹೋದದ್ದು. "ಏನೂ ಆಗಲ್ಲ, ಕೊಡಿ" ಎಂದವರೂ ಅದೇ ಬೀದಿಯಲ್ಲಿದ್ದರು. ಇನ್ನೊಂದು ಗಾಡಿಯ ಸೈಲೆನ್ಸರ್ ಹೊಗೆ ತುಂಬಿ ಬೆಸೆಯುವ ರೂಢಿಯೂ ಇದೆ. ಒಳಗಿನ ಗಾಳಿ ಪೂರ್ತಿ ಹೋಗಿದೆ ಎಂದು ಹೇಳುವವರು ಯಾರು?

ಎಂ-ಸೀಲಿನಂಥ ಎಪಾಕ್ಸಿ ಕಣಕ ಒಣ ತಗಡಿನ ಮೇಲೆ ಕೆಲವು ವಾರ ಹಿಡಿಯಬಹುದು. ಅದನ್ನು ಶಾಶ್ವತ ಎಂದುಕೊಳ್ಳಬೇಡಿ.

ಒಳಲೇಪದ ವಿಚಾರ

ಟ್ಯಾಂಕಿನ ಒಳಗೆ ಸುರಿದು ತಿರುಗಿಸುವ ಎಪಾಕ್ಸಿ ಲೇಪಗಳ ಬಗ್ಗೆ ನನಗೆ ಪೂರ್ತಿ ಒಲವಿಲ್ಲ. ತುಕ್ಕು ಹೋದ ಗಟ್ಟಿ ಟ್ಯಾಂಕಿಗೆ ಲೇಪ ಬೇಕಾಗಿಲ್ಲ, ಪೆಟ್ರೋಲ್ ತುಂಬಿರಿಸಿ ಓಡಿಸಿದರೆ ಸಾಕು. ಸೂಜಿ ತೂತುಗಳ ಅನುಮಾನವಿರುವ ಟ್ಯಾಂಕಿಗೆ ಲೇಪ ಉಪಕಾರಿ. ಆದರೆ ಜಿಡ್ಡಿನ ಮೇಲೆ, ತೇವದ ಮೇಲೆ ಹಾಕಿದ ಲೇಪ ಹಾಳೆ ಹಾಳೆಯಾಗಿ ಎದ್ದು ಕೊಳವೆಗೆ ಸಿಕ್ಕಿಕೊಂಡಾಗ ತುಕ್ಕೇ ವಾಸಿ ಎನಿಸುತ್ತದೆ. ಹಳೆ ಬಗೆಯ ಕೆಲವು ಲೇಪಗಳು ಎಥೆನಾಲಿಗೆ ಮೆತ್ತಗಾಗುತ್ತವೆ. ಎಥೆನಾಲ್ ತಡೆಯುತ್ತದೆ ಎಂದು ಡಬ್ಬದ ಮೇಲೆ ಸ್ಪಷ್ಟವಾಗಿ ಬರೆದ ಎರಡು ಭಾಗದ ಎಪಾಕ್ಸಿಯನ್ನೇ ತನ್ನಿ. ಸುರಿದು ಎಲ್ಲ ಮಗ್ಗುಲಿಗೂ ತಿರುಗಿಸಿ, ಹೆಚ್ಚಿನದನ್ನು ಪೂರ್ತಿ ಬಸಿಯಿರಿ. ಮೂಲೆಯಲ್ಲಿ ಮಡುಗಟ್ಟಿದರೆ ಅದು ಒಣಗುವುದೇ ಇಲ್ಲ. ಬಸಿಯುವಾಗಲೇ ಹೀರುವ ಕೊಳವೆ, ಉಸಿರುಗೊಳವೆಗಳಲ್ಲಿ ಗಾಳಿ ಊದಿ ತೆರವು ಮಾಡಿ. ಡಬ್ಬದಲ್ಲಿ ಹೇಳಿದಷ್ಟು ದಿನ ಮುಟ್ಟದೆ ಬಿಡಿ.

ಟ್ಯಾಂಕೇ ಬೇರೆ ಬೇಕಾದರೆ

ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಮೊದಲ ಅಲೆದಾಟ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗಿದಿದ್ದರೂ ಅವುಗಳ ಬಿಡಿಭಾಗ ಹುಡುಕುವವರಿಗೆ ಆ ಊರು ಇನ್ನೂ ನೆನಪಾಗುತ್ತದೆ. ಗುಜರಿಯಿಂದ ತರುವಾಗ ಹೊರಗಿನ ಹೊಸ ಬಣ್ಣಕ್ಕೆ ಮರುಳಾಗಬೇಡಿ, ಗೇಜಿನ ಬಾಯಿಯಲ್ಲಿ ಟಾರ್ಚ್ ಬಿಟ್ಟು ತಳ ನೋಡಿ.

ಸಿಗದಿದ್ದರೆ ಹಳೆಯದನ್ನೇ ಮಾದರಿಯಾಗಿ ಕೊಟ್ಟು ಮಾಡಿಸಬಹುದು. 18 ಗೇಜಿನ ತಗಡು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ್ದು, ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು. ಸತು ಲೇಪದ ತಗಡು ಬೇಡ. ಎಥೆನಾಲಿಗೂ ಸತುವಿಗೂ ಆಗಿಬರುವುದಿಲ್ಲ, ಬೆಸೆಯುವಾಗ ಬರುವ ಹೊಗೆಯೂ ಕೆಟ್ಟದ್ದು. ಅಡ್ಡತಗಡು ಹಾಕಲು ಮರೆಯದಂತೆ ಹೇಳಿ. ಹೀರುವ ಕೊಳವೆಯ ಬಾಯಿ ತಳದಿಂದ ಒಂದು ಸೆಂಟಿಮೀಟರ್ ಮೇಲಿರಲಿ. ತಳದ ತಗ್ಗಿನಲ್ಲಿ ಒಂದು ಡ್ರೈನ್ ಬೋಲ್ಟ್ ಹಾಕಿಸಿ.

ಮತ್ತೆ ಏರಿಸುವಾಗ

ಟ್ಯಾಂಕ್ ಹೊಸದಾದರೂ ಲೋಹದ ಪೈಪಿನಲ್ಲಿ ಹಳೆ ತುಕ್ಕಿದೆ. ಪಂಪಿನ ಕಡೆಯಿಂದ ಹಿಂದಕ್ಕೆ ಗಾಳಿ ಊದಿ ತೆಗೆಯಿರಿ. ಪಂಪಿನ ಜಾಲರಿ, ಕಾರ್ಬುರೇಟರಿನ ಫ್ಲೋಟ್ ಬೋಗುಣಿ ತೊಳೆಯಿರಿ. ರಬ್ಬರ್ ಹೋಸ್‌ಗಳನ್ನೆಲ್ಲ ಬದಲಾಯಿಸಿ. ಹೋಸಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದಿದ್ದರೆ ಎಥೆನಾಲಿಗೆ ಬಾಳಿಕೆ ಬರುತ್ತದೆ. ಗೇಜಿನ ಹಿತ್ತಾಳೆ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ, ಗುಳ್ಳೆ ಬಂದರೆ ಅದರಲ್ಲೂ ತೂತಿದೆ. ಟ್ಯಾಂಕಿನ ಹೊರಗೆ ಪ್ರೈಮರ್, ಬಣ್ಣ ಹೊಡೆದ ಮೇಲೆ ಗೇಜ್ ಸತ್ತಂತೆ ಕೂತರೆ ಗೇಜನ್ನು ಬೈಯಬೇಡಿ. ಹಲವು ಹಳೆ ಗಾಡಿಗಳಲ್ಲಿ ಅದಕ್ಕೆ ಅರ್ಥ್ ಸಿಗುವುದು ಟ್ಯಾಂಕಿನ ತಗಡಿನ ಮೂಲಕ, ನಿಮ್ಮ ಹೊಸ ಬಣ್ಣ ಅದನ್ನು ತಡೆದಿದೆ. ಒಂದು ಬೋಲ್ಟಿನ ಕೆಳಗೆ ಬಣ್ಣ ಕೆರೆದರೆ ಮುಳ್ಳು ಏಳುತ್ತದೆ. ಪಟ್ಟಿಯ ಕೆಳಗೆ ಉಣ್ಣೆಯ ಫೆಲ್ಟ್ ಬದಲು ರಬ್ಬರ್ ಹಾಕಿ, ಫೆಲ್ಟ್ ನೀರು ಕುಡಿದು ಹೊರಗಿನಿಂದ ತುಕ್ಕು ಹಿಡಿಸುತ್ತದೆ.

ಮೊದಲು ಐದು ಲೀಟರ್ ಮಾತ್ರ ಹಾಕಿ, ಕೆಳಗೆ ಹಳೆ ದಿನಪತ್ರಿಕೆ ಹರಡಿ ರಾತ್ರಿ ಬಿಡಿ. ಪತ್ರಿಕೆ ಒಣಗಿದ್ದರೆ ಬಾಯ್ತುಂಬ ತುಂಬಿಸಿ ಇನ್ನೊಂದು ರಾತ್ರಿ ನೋಡಿ, ಮೇಲಿನ ಅಂಚು ಸೋರುವುದು ಆಗಲೇ. ಪಂಪಿಗೆ ಮುಂಚೆ ಒಳಗೆ ಕಾಣುವಂಥ ಫಿಲ್ಟರ್ ಹಾಕಿ. ಮೊದಲ ನೂರು ಕಿಲೋಮೀಟರಿಗೆ ಅದು ಕೆಂಪಾದರೆ ಆಶ್ಚರ್ಯವಿಲ್ಲ, ಬದಲಾಯಿಸಿ. ಐನೂರಕ್ಕೆ ಇನ್ನೊಮ್ಮೆ ನೋಡಿ. ಮೇ ಕೊನೆಯಲ್ಲಿ ಗಾಡಿಯನ್ನು ಶೆಡ್ಡಿಗೆ ಹಾಕುವುದಾದರೆ ಬಂಕಿನಿಂದ ಟ್ಯಾಂಕ್ ತುಂಬಿಸಿಕೊಂಡೇ ಮನೆಗೆ ಬನ್ನಿ.